ಕೆರೆಯ ತಳದ ಕಿರುಜೀವಿಗಳ ವಿದ್ವಾಂಸ: ಡಾ. ನೆಲ್ಸನ್ ಆನಂಡೇಲ್

ರಾಯದುರ್ಗ, ಮಡಕಶಿರಾ ಸೀಮೆಯ ಕೆರೆಗಳು ಬೇಸಿಗೆಯಲ್ಲಿ ಬಿರುಕುಬಿಟ್ಟ ನೆಲವಾಗುವುದು ಈ ಶಾಲೆಯಲ್ಲಿ ಕಲಿತ ಯಾರಿಗೂ ಹೊಸ ಸಂಗತಿಯಲ್ಲ. ಮಳೆಯಾಗಿ ನೀರು ನಿಂತ ಕೆಲವೇ ವಾರಗಳಲ್ಲಿ ಅದೇ ತಳದ ಕಲ್ಲು, ಕಡ್ಡಿಗಳ ಮೇಲೆ ಜೀವ ತುಂಬಿಕೊಳ್ಳುತ್ತದೆ. ಆ ಜೀವಿಗಳು ಅಷ್ಟು ದಿನ ಎಲ್ಲಿದ್ದವು? ಇಂತಹ ಪ್ರಶ್ನೆಗಳಿಗೆ ಆಯುಷ್ಯವನ್ನೇ ಮುಡಿಪಿಟ್ಟ ಒಬ್ಬ ವಿಜ್ಞಾನಿಯನ್ನು ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇನೆ.

ಆನಂಡೇಲ್ ಅವರು 1876ರ ಜೂನ್ 15ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದರು. ತಂದೆ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಶಸ್ತ್ರವೈದ್ಯದ ಪ್ರಾಧ್ಯಾಪಕರು. ಮಗ ಆಕ್ಸ್‌ಫರ್ಡಿನಲ್ಲಿ ಓದಿ, ಮಲಯ ದೇಶವನ್ನು ಸುತ್ತಿ, 1904ರಲ್ಲಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿಗೆ ಬಂದರು. 1907ರಲ್ಲಿ ಅದರ ಹೊಣೆ ಹೊತ್ತ ಅವರು ಅದೇ ವರ್ಷ ಎರಡು ಸಂಶೋಧನ ಪತ್ರಿಕೆಗಳನ್ನು ಆರಂಭಿಸಿದರು.

ಹುಲಿ, ಆನೆಗಳನ್ನು ಅರಸುವವರಿಗೆ ಆ ಕಾಲದಲ್ಲಿ ಕೊರತೆಯಿರಲಿಲ್ಲ. ಆನಂಡೇಲ್ ಅವರ ದೃಷ್ಟಿ ಹರಿದದ್ದು ಕೊಳದ ಕಲ್ಲಿಗೆ ಅಂಟಿದ ಲೋಳೆಯಂತಹ ಪದರದ ಕಡೆಗೆ. ಸಿಹಿನೀರಿನ ಸ್ಪಂಜು, ಹೈಡ್ರಾ, ಪಾಲಿಜೋವ ಎಂಬ ಕಿರುಪ್ರಾಣಿಗಳನ್ನು ಕುರಿತು ಅವರು ಬರೆದ ಗ್ರಂಥ 1911ರಲ್ಲಿ ಪ್ರಕಟವಾಯಿತು. ನೀರು ಬತ್ತತೊಡಗಿದಾಗ ಸ್ಪಂಜಿನ ದೇಹ ಕೊಳೆತು ಕರಗಿಹೋಗುತ್ತದೆ. ಆದರೆ ಸಾಸಿವೆಗಿಂತಲೂ ಚಿಕ್ಕದಾದ ಗುಳಿಗೆಗಳನ್ನು ಅದು ಉಳಿಸಿಹೋಗುತ್ತದೆ. ಗಟ್ಟಿಯಾದ ಕವಚದೊಳಗೆ ಜೀವಕೋಶಗಳು ಬಿಸಿಲನ್ನು ತಾಳಿಕೊಂಡು ಮಲಗಿರುತ್ತವೆ. ನೀರು ಬಂದೊಡನೆ ಕವಚದ ಸಣ್ಣ ರಂಧ್ರದಿಂದ ಹೊರಬಂದು ಹೊಸ ಸ್ಪಂಜಾಗಿ ಬೆಳೆಯುತ್ತವೆ. ಈ ಕವಚದಲ್ಲಿ ಹುದುಗಿರುವ ಗಾಜಿನಂತಹ ಸೂಕ್ಷ್ಮ ಮುಳ್ಳುಗಳ ಆಕಾರದಿಂದಲೇ ಜಾತಿಗಳನ್ನು ಬೇರ್ಪಡಿಸಬೇಕು. ಸೂಕ್ಷ್ಮದರ್ಶಕದ ಮುಂದೆ ಗಂಟೆಗಟ್ಟಲೆ ಕುಳಿತುಕೊಳ್ಳುವ ತಾಳ್ಮೆ ಇಲ್ಲದವರಿಗೆ ಒಗ್ಗುವ ಕೆಲಸ ಇದಲ್ಲ.

1914ರಿಂದ ಸ್ಟ್ಯಾನ್ಲಿ ಕೆಂಪ್ ಅವರೊಡನೆ ಒರಿಸ್ಸಾದ ಚಿಲ್ಕಾ ಸರೋವರವನ್ನು ಶೋಧಿಸಿದರು. ಮಳೆಗಾಲದಲ್ಲಿ ಸಿಹಿಯಾಗಿ ಬೇಸಿಗೆಯಲ್ಲಿ ಉಪ್ಪಾಗುವ ಆ ನೀರಿನ ತಳದಲ್ಲಿ ಎರಡನ್ನೂ ಸಹಿಸುವ ಪ್ರಾಣಿಗಳಿದ್ದವು. ಸಮುದ್ರದ ಜೀವಿಗಳು ಸಿಹಿನೀರಿಗೆ ಹೇಗೆ ಒಗ್ಗಿಕೊಂಡವೆಂಬುದಕ್ಕೆ ಅಲ್ಲಿ ಸುಳಿವು ದೊರೆಯಿತು. ಬರ್ಮಾದ ಇನ್ಲೆ, ಜಪಾನಿನ ಬಿವಾ, ಪ್ಯಾಲೆಸ್ತೀನಿನ ಗಲಿಲಿ ಸರೋವರಗಳಿಗೂ ಅವರು ಹೋಗಿಬಂದರು.

ಭೂವಿಜ್ಞಾನಕ್ಕೆ 1851ರಲ್ಲಿ, ಸಸ್ಯಶಾಸ್ತ್ರಕ್ಕೆ 1890ರಲ್ಲಿ ಸರ್ವೇಕ್ಷಣ ಸಂಸ್ಥೆಗಳು ಬಂದಿದ್ದರೂ ಪ್ರಾಣಿಶಾಸ್ತ್ರಕ್ಕೆ ಅಂತಹುದೊಂದು ಇರಲಿಲ್ಲ. ಆನಂಡೇಲ್ ಅವರ ಪ್ರಯತ್ನದ ಫಲವಾಗಿ 1916ರ ಜುಲೈ 1ರಂದು ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ ಸ್ಥಾಪನೆಗೊಂಡಿತು. ಅವರೇ ಮೊದಲ ನಿರ್ದೇಶಕರು. ಅವರ ಕೈಕೆಳಗೆ ಪಳಗಿದ ಬೈನಿ ಪ್ರಶಾದ್, ಸುಂದರಲಾಲ್ ಹೋರಾ ಅವರು ಮುಂದೆ ಅದೇ ಪದವಿಗೇರಿದರು. ಬೆಂಗಳೂರು ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣರಾಯರೊಡನೆ ಕಪ್ಪೆಯ ಗೊದಮೊಟ್ಟೆಗಳನ್ನು ಕುರಿತು ಅವರು ಜೊತೆಯಾಗಿ ಬರೆದದ್ದು ಕನ್ನಡಿಗರು ನೆನೆಯಬೇಕಾದ ವಿಷಯ. ಮನುಷ್ಯರ ತಲೆ, ಮೂಗುಗಳನ್ನು ಅಳೆಯುವ ಆ ಕಾಲದ ಗೀಳು ಅವರಿಗೂ ಇತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆ ಅಳತೆಗಳು ಯುವಕ ಮಹಲನೋಬಿಸರ ಕೈಸೇರಿ ಸಂಖ್ಯಾಶಾಸ್ತ್ರಕ್ಕೆ ಉಪಕಾರವಾದದ್ದು ಬೇರೆಯ ಕಥೆ.

1923ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಅಲಂಕರಿಸಿದ್ದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷ ಪೀಠ ಮರುವರ್ಷ ಆನಂಡೇಲ್ ಅವರಿಗೆ ಬಂದಿತು. ಆ ಅಧಿವೇಶನ ನಡೆದದ್ದು ಬೆಂಗಳೂರಿನಲ್ಲಿ. ಜೀವವಿಕಾಸದಲ್ಲಿ ಒಂದೇ ವಂಶದ ಪ್ರಾಣಿಗಳು ಬೇರೆ ಬೇರೆ ರೂಪ ತಾಳುವುದೂ, ಸಂಬಂಧವಿಲ್ಲದ ಪ್ರಾಣಿಗಳು ಒಂದೇ ಬಗೆಯ ಪರಿಸರದಲ್ಲಿ ಒಂದೇ ರೂಪಕ್ಕೆ ಬರುವುದೂ ಅವರ ಅಧ್ಯಕ್ಷ ಭಾಷಣದ ವಿಷಯವಾಗಿತ್ತು. ಬೆಟ್ಟದ ತೊರೆಗಳ ರಭಸಕ್ಕೆ ಸಿಕ್ಕ ಮೀನೂ ಗೊದಮೊಟ್ಟೆಯೂ ಕಲ್ಲನ್ನು ಕಚ್ಚಿಹಿಡಿಯಲು ಒಂದೇ ತೆರನ ಉಪಾಯ ಕಂಡುಕೊಂಡಿವೆಯೆಂದು ಎರಡು ವರ್ಷ ಹಿಂದೆಯೇ ಅವರು ಹೋರಾ ಅವರೊಡನೆ ಬರೆದಿದ್ದರು.

ಆ ಅಧಿವೇಶನ ಮುಗಿದ ಮೂರೇ ತಿಂಗಳಿಗೆ, 1924ರ ಏಪ್ರಿಲ್ 10ರಂದು, ಆನಂಡೇಲ್ ಅವರು ಕಲ್ಕತ್ತೆಯಲ್ಲಿ ತೀರಿಕೊಂಡರು. ಅವರಿಗೆ ಆಗ 47 ವರ್ಷ.