ಸರ್ವಜ್ಞನನ್ನು ಹುಡುಕಿದ ಪಾದ್ರಿ

ಸರ್ವಜ್ಞ ಅಂದ್ರೆ ಯಾರಿಗೆ ಗೊತ್ತಿಲ್ಲ? ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೂ ಕನ್ನಡ ಪಠ್ಯದಲ್ಲಿ ನಾಲ್ಕು ತ್ರಿಪದಿ ಇದ್ದೇ ಇರ್ತಿತ್ತು. ಆದರೆ ಮನೆ ಇಲ್ಲದೆ ಊರೂರು ಅಲೆದ ಒಬ್ಬ ಕವಿಯ ಮಾತು ಪುಸ್ತಕದೊಳಗೆ ಹೇಗೆ ಬಂತು ಅಂತ ಕೇಳಿದ್ರೆ, ಒಬ್ಬ ಪಾದ್ರಿಯ ಹೆಸರು ಹೇಳಬೇಕಾಗುತ್ತೆ. ಅವರೇ ರೆವರೆಂಡ್ ಉತ್ತಂಗಿ ಚನ್ನಪ್ಪ.

ಚನ್ನಪ್ಪನವರು ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಉತ್ತಂಗಿ ಅವರ ಹಿರಿಯರ ಊರು, ಹೂವಿನಹಡಗಲಿ ಕಡೆಯದು. ಮೊದಲು ಲಿಂಗಾಯತರಾಗಿದ್ದ ಮನೆತನ ಆಮೇಲೆ ಕ್ರೈಸ್ತವಾಯಿತು. ಇವರು ಬಾಸೆಲ್ ಮಿಷನ್ನಿನ ಪಾದ್ರಿಯಾದರು.

ಚರ್ಚಿನ ಕೆಲಸದ ನಡುವೆಯೇ ವರ್ಷಗಟ್ಟಲೆ ಸರ್ವಜ್ಞನ ವಚನ ಕೂಡಿಹಾಕಿದರು. ಯಾರದೋ ಮನೆಯ ತಾಳೆಗರಿ, ಯಾರದೋ ಕೈಬರಹದ ಪ್ರತಿ, ಯಾರದೋ ಬಾಯಿಪಾಠ. ಒಂದೇ ತ್ರಿಪದಿಗೆ ಊರಿಗೊಂದು ರೂಪ. ಕೊನೆಗೆ 1924ರಲ್ಲಿ ಸುಮಾರು ಎರಡು ಸಾವಿರ ವಚನಗಳ ಪುಸ್ತಕ ಹೊರಬಂತು. ಅವರು ಕ್ರೈಸ್ತ ಪಾದ್ರಿ, ಬೇಕಿದ್ದರೆ ಕವಿಯನ್ನು ತಮ್ಮ ಕಡೆ ಎಳೆದುಕೊಳ್ಳಬಹುದಿತ್ತು. ಎಳೆದುಕೊಳ್ಳಲಿಲ್ಲ. ಇದು ಸಣ್ಣ ವಿಷಯ ಅಲ್ಲ ಅಂತ ನಮಗನಿಸುತ್ತೆ.

ಕಷ್ಟದ ಭಾಗ ಅಬಲೂರಿನದು. ಹಿರೇಕೆರೂರು ಸೀಮೆಯ ಈ ಊರೇ ವಚನದಲ್ಲಿ ಬರುವ ಅಂಬಲೂರು ಅಂತಾರೆ. ತಾಯಿ ಅಲ್ಲಿಯ ಕುಂಬಾರರ ವಿಧವೆ ಮಾಳಿ, ತಂದೆ ಮಾಸೂರಿನ ಬಸವರಸ ಅನ್ನೋದು ಕತೆ. ಸರ್ವಜ್ಞನ ಅಂಕಿತ ಇರುವ ಕೆಲವು ತ್ರಿಪದಿಗಳಲ್ಲೇ ಇದು ಬರುತ್ತೆ. ಅವನ್ನು ಅವನೇ ಹೇಳಿದನೋ, ಆಮೇಲೆ ಯಾರಾದರೂ ಸೇರಿಸಿದರೋ ಅನ್ನೋ ವಾದ ವಿದ್ವಾಂಸರಲ್ಲಿ ಮುಗಿದಿಲ್ಲ. ಮಾಳಿಯನ್ನಂತೂ ಯಾರೂ ಕೇಳಲಿಲ್ಲ, ಕೇಳೋಕೆ ಆಗೋದೂ ಇಲ್ಲ.

ಬದುಕಿರುವವರ ವಿಷಯದಲ್ಲಾದರೆ ಕೇಳಬಹುದು, ಕೇಳಲೇಬೇಕು. ಅಬಲೂರಿಂದ ಹಾನಗಲ್ ದಾಟಿ ಹೋದರೆ ಮುಂಡಗೋಡ. 1959ರ ನಂತರ ಟಿಬೆಟ್ ಬಿಟ್ಟು ಬಂದವರಿಗಾಗಿ 1966ರಲ್ಲಿ ಅಲ್ಲಿ ಕ್ಯಾಂಪ್ ಆಯಿತು. ಅಲ್ಲಿಯ ಹುಡುಗಿಯೊಬ್ಬಳು ಪ್ರಾಜೆಕ್ಟಿಗೆ ತನ್ನವರ ಕತೆ ಬರೆಯಬೇಕು ಅಂತ ಇಟ್ಟುಕೊಳ್ಳಿ. ಅಜ್ಜಿಯೇ ಆದರೂ ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆ ಕೇಳಬೇಕು, ಬೇಡ ಅಂದರೆ ನಿಲ್ಲಿಸಬೇಕು. ಅಲ್ಲೇ ಉಳಿದ ನೆಂಟರಿಗೆ ತೊಂದರೆ ಆಗಬಾರದು ಅಂದರೆ ಹೆಸರು, ಊರು ಮುಚ್ಚಿಡಬೇಕು. ಇದನ್ನೆಲ್ಲ ಅವಳೊಬ್ಬಳ ತಲೆ ಮೇಲೆ ಹಾಕದೆ ಗೈಡ್ ಆದವರು ಜೊತೆಗೆ ಕೂತು ಹೇಳಿಕೊಡಬೇಕು. ಅವಳ ಮನೆಯ ನೋವೂ ಅದರಲ್ಲಿ ಇರುತ್ತಲ್ಲ, ಅದನ್ನು ಪೂರ್ತಿ ಬರೆಯಲೇಬೇಕು ಅಂತ ಮಾರ್ಕ್ಸ್ ತೋರಿಸಿ ಒತ್ತಾಯ ಮಾಡೋದು ನಮಗೆ ಸರಿ ಕಾಣಲ್ಲ.

ಮತ್ತೆ ಚನ್ನಪ್ಪನವರ ವಿಷಯಕ್ಕೆ ಬರೋಣ. ಸರ್ವಜ್ಞನ ನಂತರ ಅವರು ಶರಣರ ಕಡೆ ಹೊರಳಿದರು. ಕಾಶ್ಮೀರದ ರಾಜ್ಯ ಬಿಟ್ಟು ಕಲ್ಯಾಣಕ್ಕೆ ಬಂದು ಸೌದೆ ಮಾರಿದ ಅಂತ ಹೇಳುವ ಮೋಳಿಗೆ ಮಾರಯ್ಯನ ವಚನಗಳ ಸಂಪಾದನೆಯಲ್ಲಿ ಅವರ ಕೈ ಇದೆ. ಅನುಭವ ಮಂಟಪ ನಿಜವಾಗಿ ಇತ್ತಾ ಅನ್ನೋ ಪ್ರಶ್ನೆ ಎದ್ದಾಗ, ಇತ್ತು ಅಂತ ವಾದಿಸಿ 1951ರಲ್ಲಿ ಪುಸ್ತಕವನ್ನೇ ಬರೆದರು. ಅದಕ್ಕೂ ಮೊದಲೇ, 1949ರಲ್ಲಿ, ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು.

ತೀರಿಕೊಂಡದ್ದು 1962ರಲ್ಲಿ. ನಾಡು ಅವರನ್ನು ತಿರುಳ್ಗನ್ನಡದ ತಿರುಕ ಅಂತಲೇ ಕರೆಯುತ್ತೆ. ತಿರುಕ ಅಂದರೆ ಭಿಕ್ಷೆ ಬೇಡುವವನು. ಮನೆಮನೆಗೆ ಹೋಗಿ ಕೇಳಿದವರಿಗೆ ಒಪ್ಪುವ ಹೆಸರು.