ಚಾರ್ಲ್ಸ್ ಪ್ರೋಟಿಯಸ್ ಸ್ಟೈನ್‌ಮೆಟ್ಜ್

ಚಾರ್ಲ್ಸ್ ಪ್ರೋಟಿಯಸ್ ಸ್ಟೈನ್‌ಮೆಟ್ಜ್ (ಏಪ್ರಿಲ್ 9, 1865 – ಅಕ್ಟೋಬರ್ 26, 1923) ಜರ್ಮನ್ ಮೂಲದ ಅಮೆರಿಕನ್ ಗಣಿತಜ್ಞ ಮತ್ತು ವಿದ್ಯುತ್ ಇಂಜಿನಿಯರ್. ಎಸಿ ಎಂದು ಕರೆಯಲಾಗುವ ಪರ್ಯಾಯ ವಿದ್ಯುತ್ತಿನ ಮಂಡಲಗಳ ಲೆಕ್ಕಾಚಾರವನ್ನು ಸಂಕೀರ್ಣ ಸಂಖ್ಯೆಗಳ ನೆರವಿನಿಂದ ಸರಳಗೊಳಿಸಿದವರಲ್ಲಿ ಇವರು ಪ್ರಮುಖರು. ಉನ್ನತ ಗಣಿತವನ್ನು ಬಲ್ಲ ಕೆಲವರಿಗಷ್ಟೇ ಸಾಧ್ಯವಾಗಿದ್ದ ಈ ಲೆಕ್ಕವು ಇವರ ಕ್ರಮದಿಂದಾಗಿ ಸಾಮಾನ್ಯ ಇಂಜಿನಿಯರುಗಳಿಗೂ ತಂತ್ರಜ್ಞರಿಗೂ ನಿಲುಕುವಂತಾಯಿತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸ್ಟೈನ್‌ಮೆಟ್ಜ್ ಪ್ರಷ್ಯ ರಾಜ್ಯದ ಬ್ರೆಸ್ಲಾವ್ ನಗರದಲ್ಲಿ ಜನಿಸಿದರು. ಈ ನಗರವು ಈಗ ಪೋಲೆಂಡ್ ದೇಶಕ್ಕೆ ಸೇರಿದೆ. ಇವರಿಗೆ ಹೆತ್ತವರು ಇಟ್ಟ ಹೆಸರು ಕಾರ್ಲ್ ಆಗಸ್ಟ್ ರುಡಾಲ್ಫ್. ತಂದೆ ರೈಲ್ವೆ ಇಲಾಖೆಯಲ್ಲಿ ಶಿಲಾಮುದ್ರಣದ ಕೆಲಸದಲ್ಲಿದ್ದರು. ತಾಯಿ ಇವರ ಎಳವೆಯಲ್ಲೇ ತೀರಿಕೊಂಡರು. ವಂಶಪಾರಂಪರ್ಯವಾಗಿ ಬಂದ ಬೆನ್ನುಮೂಳೆಯ ದೋಷದಿಂದ ಇವರ ಬೆನ್ನು ಗೂನಾಗಿತ್ತು. ವಯಸ್ಕರಾದ ಮೇಲೂ ಇವರ ಎತ್ತರ ಸುಮಾರು ನಾಲ್ಕು ಅಡಿ ಮಾತ್ರ.

1883ರಲ್ಲಿ ಇವರು ಬ್ರೆಸ್ಲಾವ್ ವಿಶ್ವವಿದ್ಯಾಲಯವನ್ನು ಸೇರಿ ಗಣಿತದಲ್ಲಿ ಅಸಾಧಾರಣ ಪ್ರತಿಭೆಯನ್ನು ತೋರಿದರು. ಗ್ರೀಕ್ ಪುರಾಣದಲ್ಲಿ ಬಗೆಬಗೆಯ ರೂಪ ತಾಳಬಲ್ಲ ಕಡಲ ದೇವತೆಯಾದ ಪ್ರೋಟಿಯಸ್‌ನ ಹೆಸರಿನಿಂದ ಸಹಪಾಠಿಗಳು ಇವರನ್ನು ಕರೆಯುತ್ತಿದ್ದರು. ಅಲ್ಲಿ ಇವರು ಸಮಾಜವಾದಿ ವಿದ್ಯಾರ್ಥಿಗಳ ಗುಂಪಿನೊಂದಿಗೆ ಗುರುತಿಸಿಕೊಂಡರು. ಬಿಸ್ಮಾರ್ಕ್ ಆಡಳಿತದಲ್ಲಿ ಸಮಾಜವಾದಿ ಚಟುವಟಿಕೆಗಳನ್ನು ಕಾನೂನು ನಿರ್ಬಂಧಿಸಿತ್ತು. ಪೊಲೀಸರ ಕಣ್ಣು ತಮ್ಮ ಮೇಲೆ ಬಿದ್ದುದರಿಂದ, ಡಾಕ್ಟರೇಟ್ ಪದವಿಯು ಕೈಗೆಟುಕುವಷ್ಟು ಹತ್ತಿರದಲ್ಲಿದ್ದಾಗಲೇ, 1888ರಲ್ಲಿ ಇವರು ದೇಶ ಬಿಟ್ಟು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ತೆರಳಬೇಕಾಯಿತು.

ಅಮೆರಿಕಕ್ಕೆ ವಲಸೆ

1889ರಲ್ಲಿ ಸ್ಟೈನ್‌ಮೆಟ್ಜ್ ತಮ್ಮ ಗೆಳೆಯ ಆಸ್ಕರ್ ಅಸ್ಮುಸ್ಸೆನ್ ಅವರೊಡನೆ ಹಡಗಿನಲ್ಲಿ ನ್ಯೂಯಾರ್ಕ್ ತಲುಪಿದರು. ಇವರ ಅಂಗವೈಕಲ್ಯವನ್ನೂ ಬಡತನವನ್ನೂ ಕಂಡ ವಲಸೆ ಅಧಿಕಾರಿಗಳು ಒಳಗೆ ಬಿಡಲು ಹಿಂಜರಿದರು. ಗೆಳೆಯನು ಇವರ ಪರವಾಗಿ ನಿಂತ ಕಾರಣ ಪ್ರವೇಶ ದೊರೆಯಿತು. ಅಮೆರಿಕದಲ್ಲಿ ಇವರು ಚಾರ್ಲ್ಸ್ ಎಂಬ ಹೆಸರನ್ನು ಸ್ವೀಕರಿಸಿ, ಅದರೊಡನೆ ಕಾಲೇಜಿನ ಅಡ್ಡಹೆಸರನ್ನೂ ಸೇರಿಸಿಕೊಂಡರು. ಬಳಿಕ ಯಾಂಕರ್ಸ್ ಪಟ್ಟಣದಲ್ಲಿ ರುಡಾಲ್ಫ್ ಐಕೆಮೇಯರ್ ಅವರ ಕಾರ್ಖಾನೆಯಲ್ಲಿ ಇವರಿಗೆ ಕೆಲಸ ಸಿಕ್ಕಿತು.

ಹಿಸ್ಟೆರಿಸಿಸ್ ನಿಯಮ

ಪರ್ಯಾಯ ವಿದ್ಯುತ್ತು ಹರಿಯುವಾಗ ಮೋಟಾರು ಮತ್ತು ಟ್ರಾನ್ಸ್‌ಫಾರ್ಮರುಗಳ ಕಬ್ಬಿಣದ ತಿರುಳಿನಲ್ಲಿ ಕಾಂತತ್ವದ ದಿಕ್ಕು ಸೆಕೆಂಡಿಗೆ ಹಲವಾರು ಬಾರಿ ಬದಲಾಗುತ್ತದೆ. ಪ್ರತಿ ಆವರ್ತನೆಯಲ್ಲೂ ಸ್ವಲ್ಪ ಶಕ್ತಿಯು ಶಾಖವಾಗಿ ನಷ್ಟವಾಗುತ್ತದೆ. ಇದೇ ಹಿಸ್ಟೆರಿಸಿಸ್ ನಷ್ಟ. ಈ ನಷ್ಟವು ಗರಿಷ್ಠ ಕಾಂತೀಯ ಫ್ಲಕ್ಸ್ ಸಾಂದ್ರತೆಯ ಸುಮಾರು 1.6ನೆಯ ಘಾತಕ್ಕೆ ಅನುಗುಣವಾಗಿರುತ್ತದೆ ಎಂಬುದನ್ನು ಸ್ಟೈನ್‌ಮೆಟ್ಜ್ ಅಳತೆಗಳಿಂದ ಕಂಡುಕೊಂಡು, 1892ರಲ್ಲಿ ಅಮೆರಿಕದ ವಿದ್ಯುತ್ ಇಂಜಿನಿಯರುಗಳ ಸಂಸ್ಥೆಯ ಮುಂದೆ ಮಂಡಿಸಿದರು. ಹೀಗಾಗಿ ಯಂತ್ರವನ್ನು ಕಟ್ಟುವ ಮೊದಲೇ ಅದರ ನಷ್ಟವನ್ನು ಅಂದಾಜು ಮಾಡುವುದು ಸಾಧ್ಯವಾಯಿತು.

ಎಸಿ ಮಂಡಲಗಳ ಲೆಕ್ಕಾಚಾರ

ಡಿಸಿ, ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ನೇರ ವಿದ್ಯುತ್ತಿನ ಮಂಡಲಕ್ಕೆ ಓಮ್ ನಿಯಮವು ಸುಲಭವಾಗಿ ಅನ್ವಯಿಸುತ್ತದೆ. ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಪ್ರವಾಹ ಸಿಗುತ್ತದೆ. ಎಸಿ ಮಂಡಲದಲ್ಲಿ ತಂತಿಸುರುಳಿ ಇದ್ದರೆ ಪ್ರವಾಹವು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ. ಕೆಪಾಸಿಟರ್ ಇದ್ದರೆ ಮುಂದೆ ಹೋಗುತ್ತದೆ. ಆದ್ದರಿಂದ ಪ್ರಮಾಣದ ಜೊತೆಗೆ ಈ ಹಿಂದುಮುಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇದಕ್ಕಾಗಿ ಅಂದಿನ ಇಂಜಿನಿಯರುಗಳು ಅವಕಲ ಸಮೀಕರಣಗಳನ್ನು ಬಿಡಿಸಬೇಕಾಗಿತ್ತು.

1893ರಲ್ಲಿ ಷಿಕಾಗೋದಲ್ಲಿ ನಡೆದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನದಲ್ಲಿ ಸ್ಟೈನ್‌ಮೆಟ್ಜ್ ಬೇರೊಂದು ದಾರಿಯನ್ನು ವಿವರಿಸಿದರು. ಸಂಕೀರ್ಣ ಸಂಖ್ಯೆಗೆ ಒಂದಕ್ಕೊಂದು ಲಂಬವಾದ ಎರಡು ಭಾಗಗಳಿರುವುದರಿಂದ ಪ್ರಮಾಣವನ್ನೂ ಕೋನವನ್ನೂ ಒಂದೇ ಸಂಖ್ಯೆಯಲ್ಲಿ ಹಿಡಿದಿಡಬಹುದು. ಆಗ ಕೂಡು, ಕಳೆ, ಗುಣಿಸು, ಭಾಗಿಸು ಎಂಬ ಕ್ರಿಯೆಗಳೇ ಸಾಕಾಗುತ್ತವೆ. ರೋಧದ ಸ್ಥಾನದಲ್ಲಿ ಇಂಪೀಡೆನ್ಸನ್ನು ಇಟ್ಟರೆ ಓಮ್ ನಿಯಮದ ರೂಪವೂ ಹಾಗೆಯೇ ಉಳಿಯುತ್ತದೆ. ಇಂಪೀಡೆನ್ಸ್ ಎಂಬ ಪದವನ್ನು ಬಳಕೆಗೆ ತಂದವರು ಇಂಗ್ಲೆಂಡಿನ ಆಲಿವರ್ ಹೆವಿಸೈಡ್. ಅದನ್ನು ಸಂಕೀರ್ಣ ಸಂಖ್ಯೆಯಾಗಿ ಕಾಣುವ ಲೇಖನವನ್ನು ಆರ್ಥರ್ ಕೆನೆಲಿಯವರೂ 1893ರಲ್ಲೇ ಪ್ರಕಟಿಸಿದ್ದರು. ಈ ಕ್ರಮವನ್ನು ವಿಸ್ತಾರವಾಗಿ ಬೆಳೆಸಿ, ಪಠ್ಯಪುಸ್ತಕಗಳ ಮೂಲಕ ಹರಡಿದ ಶ್ರೇಯಸ್ಸು ಸ್ಟೈನ್‌ಮೆಟ್ಜ್ ಅವರದು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. 30 ಓಮ್ ರೋಧವಿರುವ ತಂತಿಸುರುಳಿಗೆ 240 ವೋಲ್ಟ್ ಡಿಸಿ ಕೊಟ್ಟರೆ 8 ಆಂಪಿಯರ್ ಪ್ರವಾಹ ಹರಿಯುತ್ತದೆ. ಅಷ್ಟೇ ವೋಲ್ಟಿನ ಎಸಿ ಕೊಟ್ಟಾಗ ಸುರುಳಿಯ ರಿಯಾಕ್ಟೆನ್ಸ್ 40 ಓಮ್ ಎಂದಿಟ್ಟುಕೊಳ್ಳೋಣ. ಇವೆರಡೂ ಪರಸ್ಪರ ಲಂಬವಾಗಿರುವುದರಿಂದ ಒಟ್ಟು ಇಂಪೀಡೆನ್ಸ್ 70 ಓಮ್ ಆಗದೆ 50 ಓಮ್ ಆಗುತ್ತದೆ, ಪ್ರವಾಹವು 4.8 ಆಂಪಿಯರಿಗೆ ಇಳಿಯುತ್ತದೆ. ವೋಲ್ಟೇಜ್ ಮತ್ತು ಪ್ರವಾಹಗಳ ಗುಣಲಬ್ಧ 1152 ವೋಲ್ಟ್-ಆಂಪಿಯರ್ ಆದರೂ ನಿಜವಾಗಿ ವ್ಯಯವಾಗುವ ಶಕ್ತಿ 691.2 ವ್ಯಾಟ್ ಮಾತ್ರ. ಇವೆರಡರ ಅನುಪಾತವಾದ 0.6ನ್ನು ಪವರ್ ಫ್ಯಾಕ್ಟರ್ ಎನ್ನುತ್ತಾರೆ. ಮೋಟಾರು, ಟ್ರಾನ್ಸ್‌ಫಾರ್ಮರುಗಳನ್ನು ಪರೀಕ್ಷಿಸುವ ತಂತ್ರಜ್ಞರು ಇಂದಿಗೂ ಇದೇ ಬಗೆಯ ಲೆಕ್ಕವನ್ನು ಮಾಡುತ್ತಾರೆ.

ಜನರಲ್ ಎಲೆಕ್ಟ್ರಿಕ್ ಮತ್ತು ಬೋಧನೆ

ಐಕೆಮೇಯರ್ ಕಾರ್ಖಾನೆಯನ್ನು ಜನರಲ್ ಎಲೆಕ್ಟ್ರಿಕ್ ಕಂಪನಿಯು ಕೊಂಡಾಗ ಸ್ಟೈನ್‌ಮೆಟ್ಜ್ ಆ ಕಂಪನಿಯನ್ನು ಸೇರಿ, 1894ರಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ ನೆಲೆಸಿದರು. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಪೂರೈಸಲಾರಂಭಿಸಿದ ಶಿವನಸಮುದ್ರದ ಕೇಂದ್ರಕ್ಕೆ ವಿದ್ಯುತ್ ಯಂತ್ರೋಪಕರಣಗಳನ್ನು ಒದಗಿಸಿದ್ದು ಇದೇ ಕಂಪನಿ.

ಎಸಿ ವಿದ್ಯಮಾನಗಳ ಸಿದ್ಧಾಂತ ಮತ್ತು ಗಣನೆಯನ್ನು ಕುರಿತ ಇವರ ಗ್ರಂಥವು 1897ರಲ್ಲಿ ಹೊರಬಂದಿತು. 1901ರಲ್ಲಿ ಇವರು ವಿದ್ಯುತ್ ಇಂಜಿನಿಯರುಗಳ ಸಂಸ್ಥೆಯ ಅಧ್ಯಕ್ಷರಾದರು. ಸ್ಕೆನೆಕ್ಟಡಿಯ ಯೂನಿಯನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ದುಡಿದರು. ಹುಟ್ಟೂರಿನಲ್ಲಿ ಕೈತಪ್ಪಿದ ಡಾಕ್ಟರೇಟ್ ಪದವಿಯು 1903ರಲ್ಲಿ ಇದೇ ಕಾಲೇಜಿನಿಂದ ಗೌರವಪೂರ್ವಕವಾಗಿ ದೊರೆಯಿತು. ಇವರ ಹೆಸರಿನಲ್ಲಿ 200ಕ್ಕೂ ಹೆಚ್ಚು ಪೇಟೆಂಟುಗಳಿವೆ.

ವಿದ್ಯುತ್ ಮಾರ್ಗಗಳಿಗೆ ಸಿಡಿಲಿನಿಂದ ಒದಗುವ ಹಾನಿಯನ್ನು ಇವರು ಆಳವಾಗಿ ಅಭ್ಯಸಿಸಿದರು. 1922ರಲ್ಲಿ ಪ್ರಯೋಗಾಲಯದಲ್ಲೇ 1,20,000 ವೋಲ್ಟಿನ ಕೃತಕ ಸಿಡಿಲನ್ನು ಉಂಟುಮಾಡಿ ತೋರಿಸಿದರು.

ಸಾರ್ವಜನಿಕ ಹಾಗೂ ವೈಯಕ್ತಿಕ ಜೀವನ

ದೊಡ್ಡ ಕಂಪನಿಯೊಂದರ ಹೆಸರಾಂತ ಇಂಜಿನಿಯರಾದ ಮೇಲೂ ಇವರು ಸಮಾಜವಾದಿ ನಿಲುವನ್ನು ಬಿಡಲಿಲ್ಲ. 1911ರಲ್ಲಿ ಸ್ಕೆನೆಕ್ಟಡಿಯ ಮತದಾರರು ಸಮಾಜವಾದಿ ಪಕ್ಷದ ಜಾರ್ಜ್ ಲನ್ ಅವರನ್ನು ಮೇಯರಾಗಿ ಆರಿಸಿದ ನಂತರ ಸ್ಟೈನ್‌ಮೆಟ್ಜ್ ನಗರದ ಶಿಕ್ಷಣ ಮಂಡಳಿಯ ಅಧ್ಯಕ್ಷರಾದರು. ವಲಸಿಗರ ಮಕ್ಕಳಿಗೂ ವಿಶೇಷ ಗಮನ ಬೇಕಾದ ಮಕ್ಕಳಿಗೂ ಪ್ರತ್ಯೇಕ ತರಗತಿಗಳನ್ನು ಏರ್ಪಡಿಸಲು ಶ್ರಮಿಸಿದರು. 1922ರಲ್ಲಿ ನ್ಯೂಯಾರ್ಕ್ ರಾಜ್ಯದ ಇಂಜಿನಿಯರ್ ಹುದ್ದೆಗೆ ಚುನಾವಣೆಯಲ್ಲಿ ಸ್ಪರ್ಧಿಸಿ ಸೋತರು.

ತಮ್ಮ ದೈಹಿಕ ದೋಷವು ಮುಂದಿನ ಪೀಳಿಗೆಗೆ ಹೋಗಬಾರದೆಂದು ಇವರು ಮದುವೆಯಾಗಲಿಲ್ಲ. ತಮ್ಮ ಸಹಾಯಕರಾಗಿದ್ದ ಜೋಸೆಫ್ ಲೆರಾಯ್ ಹೇಡನ್ ಅವರನ್ನು ದತ್ತುಪುತ್ರನನ್ನಾಗಿ ಸ್ವೀಕರಿಸಿ, ಆ ಕುಟುಂಬದೊಂದಿಗೆ ಒಂದೇ ಮನೆಯಲ್ಲಿ ಬಾಳಿದರು. ಹೇಡನ್ ದಂಪತಿಗಳ ಮೂವರು ಮಕ್ಕಳಿಗೆ ಇವರೇ ಅಜ್ಜನಾದರು.

ನಿಧನ

ಸ್ಟೈನ್‌ಮೆಟ್ಜ್ 1923ರ ಅಕ್ಟೋಬರ್ 26ರಂದು, ತಮ್ಮ 58ನೆಯ ವಯಸ್ಸಿನಲ್ಲಿ, ಸ್ಕೆನೆಕ್ಟಡಿಯ ಮನೆಯಲ್ಲಿ ನಿಧನರಾದರು. ಅದೇ ಊರಿನ ವೇಲ್ ಸ್ಮಶಾನದಲ್ಲಿ ಇವರ ಸಮಾಧಿ ಇದೆ. ಟ್ರಾನ್ಸ್‌ಫಾರ್ಮರ್ ವಿನ್ಯಾಸದಲ್ಲಿ ಕಾಂತೀಯ ನಷ್ಟವನ್ನು ಅಂದಾಜು ಮಾಡಲು ಬಳಸುವ ಸಮೀಕರಣವು ಇಂದಿಗೂ ಇವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.