ನೋವಿನ ಬೆಲೆ ತಿಳಿಸಿದ ವೈದ್ಯ ಪಾಲ್ ಬ್ರಾಂಡ್

ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ವಾಸಿಯಾಗದು, ಒಂದು ಬೆರಳು ತೆಗೆದರೆ ಮುಂದೆ ಕಾಲೇ ಹೋದೀತು ಎಂಬ ಭಯ ನಮ್ಮ ಮನೆಗಳಲ್ಲಿ ಬೇರೂರಿದೆ. ಈ ಭಯವನ್ನು ಕಳೆದ ವೈದ್ಯರಲ್ಲಿ ಡಾ. ಪಾಲ್ ಬ್ರಾಂಡ್ ಪ್ರಮುಖರು.

ಬ್ರಾಂಡ್ ಜನಿಸಿದ್ದು 1914ರ ಜುಲೈ 17ರಂದು, ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ. ತಂದೆತಾಯಿ ಇಂಗ್ಲೆಂಡಿನಿಂದ ಬಂದ ಮಿಶನರಿಗಳು. ಒಂಬತ್ತನೆಯ ವಯಸ್ಸಿನಲ್ಲಿ ಬಾಲಕನನ್ನು ಓದಿಗಾಗಿ ಇಂಗ್ಲೆಂಡಿಗೆ ಕಳುಹಿಸಿದರು. 1929ರಲ್ಲಿ ತಂದೆ ಜ್ವರದಿಂದ ತೀರಿಕೊಂಡರು. ಮಗನಿಗೆ ಅವರ ಮುಖದರ್ಶನ ಮತ್ತೆ ಆಗಲೇ ಇಲ್ಲ. ಲಂಡನ್ನಿನಲ್ಲಿ ಶಸ್ತ್ರವೈದ್ಯ ಕಲಿತು 1946ರಲ್ಲಿ ಅವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು.

ಕುಷ್ಠರೋಗದಲ್ಲಿ ಮಾಂಸ ತಾನಾಗಿಯೇ ಕೊಳೆತು ಬೆರಳು ಉದುರುತ್ತದೆಂದು ಆಗ ವೈದ್ಯರೂ ನಂಬಿದ್ದರು. ಬ್ರಾಂಡ್ ಒಂದೊಂದು ಗಾಯದ ಕಾರಣವನ್ನೂ ಹುಡುಕಿದರು. ರೋಗ ನರಗಳನ್ನು ಕೊಂದು ನೋವಿನ ಅರಿವನ್ನು ಅಳಿಸುತ್ತದೆ; ಉಳಿದ ಹಾನಿಯೆಲ್ಲ ಬೆಂಕಿ, ಮುಳ್ಳು, ಎಡೆಬಿಡದ ಒತ್ತಡದಿಂದ ಎಂದು ಕಂಡುಕೊಂಡರು. ರಾತ್ರಿ ಮಲಗಿದವರ ಬೆರಳುಗಳನ್ನು ಇಲಿಗಳು ಕಡಿಯುತ್ತಿದ್ದುದೂ ಬಯಲಾಯಿತು. ರೋಗಿಗಳಿಗೆ ಬೆಕ್ಕು ಸಾಕಲು ಕೊಟ್ಟರು. ಹುಣ್ಣಾದ ಪಾದಕ್ಕೆ ಪ್ಲಾಸ್ಟರ್ ಕಟ್ಟಿ ಭಾರ ತಪ್ಪಿಸಿದಾಗ ವರ್ಷಗಟ್ಟಲೆ ಮಾಯದ ಹುಣ್ಣೂ ಮಾಯಿತು.

ಒಮ್ಮೆ ಇಂಗ್ಲೆಂಡಿನಲ್ಲಿ ದೀರ್ಘ ರೈಲು ಪ್ರಯಾಣ ಮುಗಿಸಿದ ರಾತ್ರಿ ಅವರ ಹಿಮ್ಮಡಿಗೆ ಸ್ಪರ್ಶವೇ ಇರಲಿಲ್ಲ. ಸೂಜಿ ಚುಚ್ಚಿದರೂ ನೋವಿಲ್ಲ. ತಮಗೂ ಕುಷ್ಠ ತಗಲಿತೆಂದು ರಾತ್ರಿಯಿಡೀ ತಳಮಳಿಸಿದರು. ಬೆಳಿಗ್ಗೆ ಮತ್ತೆ ಚುಚ್ಚಿದಾಗ ಚುರ್ರೆಂದಿತು. ಕುಳಿತ ಭಂಗಿಯಿಂದ ಕಾಲು ಜೋಮು ಹಿಡಿದಿತ್ತಷ್ಟೆ. ಅಂದಿನಿಂದ ನೋವು ಅವರಿಗೆ ವರವೆನಿಸಿತು.

1966ರಲ್ಲಿ ಅವರು ಅಮೆರಿಕದ ಕಾರ್ವಿಲ್ ಆಸ್ಪತ್ರೆ ಸೇರಿದರು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡ ಪಾದಗಳಲ್ಲಿಯೂ ಅದೇ ಬಗೆಯ ಹುಣ್ಣುಗಳಿದ್ದವು. ವೆಲ್ಲೂರಿನ ಪಾಠ ಇಲ್ಲಿಯೂ ಫಲಿಸಿತು. ಭಾರ ತಪ್ಪಿಸುವ ಪ್ಲಾಸ್ಟರ್, ಮೆತ್ತನೆಯ ಪಾದರಕ್ಷೆ, ದಿನವೂ ಪಾದ ನೋಡುವ ಶಿಸ್ತು ಇವುಗಳನ್ನು ಜಗತ್ತಿನ ವೈದ್ಯರು ಒಪ್ಪಿಕೊಂಡರು. ಆದರೆ ಸೋಂಕು ಮತ್ತು ರಕ್ತ ಸಂಚಾರವನ್ನು ಪರೀಕ್ಷಿಸಿ ವೈದ್ಯರೇ ಪ್ಲಾಸ್ಟರ್ ಕಟ್ಟಬೇಕು.

ಬೆರಳು ತೆಗೆಸಿಕೊಂಡವರಿಗೆ ಈ ಪಾಠ ಇನ್ನೂ ಮುಖ್ಯ. ಹೋದ ಬೆರಳಿನ ಭಾರ ಉಳಿದ ಬೆರಳುಗಳ ಮೇಲೂ ಅಂಗಾಲಿನ ಮೇಲೂ ಬಿದ್ದು ಅಲ್ಲಿ ಹೊಸ ಹುಣ್ಣಾಗಬಹುದು. ಗಾಯ ಒಣಗಿತೆಂದು ಬರಿಗಾಲಲ್ಲಿ ಓಡಾಡತಕ್ಕದ್ದಲ್ಲ. ಬಿಸಿನೀರಲ್ಲಿ ಕಾಲಿಡಬಾರದು; ಚಪ್ಪಲಿಯನ್ನು ಕೊಡವಿಯೇ ಮೆಟ್ಟಬೇಕು. ಕೆಂಪು, ಬಾವು, ಕೀವು ಕಂಡ ದಿನವೇ ಆಸ್ಪತ್ರೆಗೆ ಹೋಗಬೇಕು. ಸಕ್ಕರೆಯನ್ನು ಹತೋಟಿಯಲ್ಲಿಡಬೇಕು.

ಗಡಿನಾಡ ಕನ್ನಡಿಗರಾದ ನಮಗೆ ಇನ್ನೊಂದು ತೊಡಕುಂಟು. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನ ನಾಗಣಸೂರಿನಲ್ಲಿ ಜೋಳದ ಕೂಳೆ ತುಳಿದ ಅಜ್ಜನಿರಲಿ, ನಮ್ಮ ಕಂಗಿನ ತೋಟಕ್ಕೆ ಬರಿಗಾಲಲ್ಲಿ ಇಳಿದ ಅಜ್ಜಿಯಿರಲಿ, ಕನ್ನಡ ಮಾತ್ರ ಬಲ್ಲವರಾದರೆ ಆಸ್ಪತ್ರೆಯ ಚೀಟಿ ಓದಲಾರರು. ಅಲ್ಲಿ ಅದು ಮರಾಠಿಯಲ್ಲಿದ್ದೀತು, ಇಲ್ಲಿ ಮಲಯಾಳದಲ್ಲಿ, ಇಂಗ್ಲಿಷಿನಲ್ಲಾದರೂ ಕಷ್ಟವೇ. ಆದುದರಿಂದ ವೈದ್ಯರು ಹೇಳಿದ್ದನ್ನು ಅಲ್ಲಿಯೇ ಕೇಳಿ, ತಿಳಿದು, ಮನೆಯ ಮಕ್ಕಳಿಂದ ಕನ್ನಡದಲ್ಲಿ ಬರೆಸಿಡುವುದು ಒಳಿತು.

ಬ್ರಾಂಡ್ 2003ರ ಜುಲೈ 8ರಂದು ನಿಧನರಾದರು. ಶಾಲೆಗೆ ಹೋಗುವ ಮಗು ದಿನವೂ ಸಂಜೆ ಒಂದು ಕನ್ನಡಿ ಹಿಡಿದು ಅಜ್ಜಿಯ ಅಂಗಾಲು ನೋಡಿದರೆ, ಅವರ ವಿದ್ಯೆ ನಮ್ಮ ಮನೆಗೂ ಬಂದಂತೆಯೇ ಸರಿ. ಅಜ್ಜಿಯ ಪಾದಕ್ಕೆ ತಿಳಿಯದ ನೋವನ್ನು ಮೊಮ್ಮಗುವಿನ ಕಣ್ಣಾದರೂ ತಿಳಿಯಲಿ.